ಗೊರಕೆಯೂ ಬಿ.ಪಿ.ಯೂ

ಬೇಸಿಗೆ ಬಂತೆಂದರೆ ನಮ್ಮ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಮನೆಗಳು ಇನ್ನೂ ಇವೆ. ಅಲ್ಲಿ ಮಲಗಿದರೆ ಯಾರ ಮನೆಯ ಯಜಮಾನರು ಯಾವ ಧಾಟಿಯಲ್ಲಿ ಗೊರಕೆ ಹೊಡೆಯುತ್ತಾರೆಂಬುದು ಓಣಿಗೆಲ್ಲ ಗೊತ್ತು. ಬೆಳಿಗ್ಗೆ ನಳದ ನೀರಿಗೆ ನಿಂತಾಗ ಅದೇ ನಗೆಮಾತು. "ನಿಮ್ಮ ಮನಿಯವ್ರು ಪುಣ್ಯವಂತರ್ರೀ ಅಕ್ಕಾರ, ಎಂಥಾ ನಿದ್ದಿ!" ನಾನೂ ನಗುತ್ತಿದ್ದೆ. ಕುಂಭಕರ್ಣನ ಕಥೆ ಕೇಳಿ ಬೆಳೆದ ನಮಗೆಲ್ಲ ಗೊರಕೆಯೆಂದರೆ ಗಾಢ ನಿದ್ದೆಯೇ.

ಅದು ಗಾಢ ನಿದ್ದೆಯಲ್ಲ, ಸೋದರಿಯರೇ. ಇಷ್ಟು ತಿಳಿಯಲು ನಮ್ಮ ಮನೆಯಲ್ಲಿ ಆರು ವರ್ಷ ಹಿಡಿಯಿತು.

ನಮ್ಮವರಿಗೆ ಬಿ.ಪಿ. ಇದೆ. ಮೊದಲು ಒಂದು ಮಾತ್ರೆ, ಆಮೇಲೆ ಎರಡು, ಆಮೇಲೆ ಮೂರು. ಆದರೂ ಮೇಲಿನ ಅಂಕಿ 160ರಿಂದ ಕೆಳಗೆ ಇಳಿಯಲೊಲ್ಲದು. ಎಲ್ಲರ ಕಣ್ಣೂ ನನ್ನ ಅಡಿಗೆಯ ಮೇಲೆ. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದೆ, ಹಪ್ಪಳ-ಸಂಡಿಗೆ ಬಿಡಿಸಿದೆ, ಸಂಜೆಯ ಗಿರಮಿಟ್-ಮಿರ್ಚಿಗೂ ಕತ್ತರಿ ಹಾಕಿದೆ. ಅದೇನೂ ತಪ್ಪಲ್ಲ ಅನ್ನಿ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಬಿ.ಪಿ. ಇದ್ದಲ್ಲೇ ಇತ್ತು. ಬೆಳಿಗ್ಗೆ ಎದ್ದರೆ ತಲೆನೋವು, ಒಣಗಿದ ಬಾಯಿ. ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲೇ ತೂಕಡಿಕೆ. ರಾತ್ರಿ ಮೂರು-ನಾಲ್ಕು ಸಲ ಮೂತ್ರಕ್ಕೆ ಏಳುವುದು ಬೇರೆ. ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಕೊಟ್ಟು ನೋಡಿದರೆ ಅದೂ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಮಗ್ಗದ ಸದ್ದಿಗೆ ನಮಗೆ ನಿದ್ದೆ ಬರುತ್ತಿತ್ತು, ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಒಂದು ರಾತ್ರಿ ಹಾಗೆಯೇ ಆಯಿತು. ಏರುತ್ತಾ ಹೋದ ಗೊರಕೆ ಒಮ್ಮೆಲೇ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಎದೆ-ಹೊಟ್ಟೆ ಏಳುತ್ತಾ ಇಳಿಯುತ್ತಾ ಇವೆ, ಮೂಗಿನ ಮುಂದೆ ಕೈ ಹಿಡಿದರೆ ಗಾಳಿಯಿಲ್ಲ. ಎಣಿಸತೊಡಗಿದೆ. ಹತ್ತು, ಹದಿನೈದು, ಇಪ್ಪತ್ತು... ಇಪ್ಪತ್ತೆಂಟಕ್ಕೆ ಬಂದಾಗ, ಬಾವಿಯಲ್ಲಿ ಮುಳುಗಿದವರು ತಲೆ ಮೇಲೆತ್ತಿದ ಹಾಗೆ ಜೋರಾಗಿ ಉಸಿರೆಳೆದು ಮಗ್ಗುಲಾದರು. ಎರಡು ನಿಮಿಷಕ್ಕೆ ಮತ್ತೆ ಅದೇ. ಬೆಳಗಾಗುವವರೆಗೆ ನಾನು ಕಣ್ಣು ಮುಚ್ಚಲಿಲ್ಲ.

ಮರುದಿನ ಹೇಳಿದರೆ, "ನಾ ಎಲ್ಲಿ ಗೊರಕಿ ಹೊಡೀತೀನಿ? ಸುಳ್ಳ ಹೇಳಬ್ಯಾಡ" ಎಂದು ನನ್ನ ಮೇಲೇ ತಿರುಗಿದರು. ಗೊರಕೆ ಹೊಡೆಯುವವರಿಗೆ ಅದು ಕೇಳಿಸುವುದಿಲ್ಲ ನೋಡಿ! ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ ಮೇಲೆ ಸುಮ್ಮನಾದರು. ಅದನ್ನೇ ಹುಬ್ಬಳ್ಳಿಯ ಡಾಕ್ಟರರಿಗೂ ಕೇಳಿಸಿದೆವು. "ಇದನ್ನ ಮೊದಲ ಯಾಕ ಹೇಳ್ಲಿಲ್ರೀ ತಾಯಿ?" ಎಂದರು. ಗೊರಕೆಯನ್ನು ಡಾಕ್ಟರ ಮುಂದೆ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ ಹೇಳಿ?

ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ, ನಾಲಿಗೆ ಹಿಂದಕ್ಕೆ ಬಿದ್ದು, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಎದೆ ಬಡಿದುಕೊಳ್ಳುತ್ತದೆ, ಬಿ.ಪಿ. ಜಿಗಿಯುತ್ತದೆ. ಅದು ಪೂರಾ ಎಚ್ಚರವೂ ಅಲ್ಲವಾದ್ದರಿಂದ ಬೆಳಿಗ್ಗೆ ನೆನಪಿರುವುದಿಲ್ಲ. ಸರಿಯಾಗಿ ನಿದ್ದೆ ಮಾಡುವವರ ಬಿ.ಪಿ. ರಾತ್ರಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿದು ಹೃದಯಕ್ಕೆ ವಿಶ್ರಾಂತಿ ಸಿಗುತ್ತದಂತೆ. ಇವರಿಗೆ ಆ ವಿಶ್ರಾಂತಿಯೇ ಇಲ್ಲ. ರಾತ್ರಿಯ ಆ ಬಿಗಿತ ಹಗಲಿಗೂ ಉಳಿಯುತ್ತದೆ. ಮೂರು ಮಾತ್ರೆ ನುಂಗಿಯೂ ಬಿ.ಪಿ. ಬಗ್ಗದವರಲ್ಲಿ ಹೆಚ್ಚಿನವರಿಗೆ ಈ ತೊಂದರೆ ಇರುತ್ತದೆ. ಪದೇ ಪದೇ ಮೂತ್ರಕ್ಕೆ ಏಳುವುದಕ್ಕೂ ಇದೇ ಕಾರಣವಿರಬಹುದು.

ಪರೀಕ್ಷೆಯೆಂದರೆ ಒಂದು ರಾತ್ರಿ ಮೂಗಿಗೆ ಸಣ್ಣ ನಳಿಗೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿಕೊಂಡು ಮಲಗುವುದು. ಹತ್ತು ಸೆಕೆಂಡಿಗೂ ಮೀರಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ ಎಷ್ಟು ಸಲ ಎಂದು ಎಣಿಸುತ್ತಾರೆ. ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಮೂವತ್ತು ದಾಟಿದರೆ ಜೋರು. ನಮ್ಮವರದು ಮೂವತ್ತೆಂಟು ಬಂತು.

ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ನೆನಪಿದ್ದಾರಲ್ಲ, ನಮ್ಮ 1986ರ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೂ ಸಂಗೀತ ಕೊಟ್ಟವರು? 2022ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಕಾಯಿಲೆಯ ಹೆಸರೂ ಇತ್ತು. ಅಂದು ಟಿ.ವಿ.ಯಲ್ಲಿ ಕೇಳಿ, ಇದೇನೋ ದೊಡ್ಡವರ ಕಾಯಿಲೆ ಎಂದು ರೊಟ್ಟಿ ತಟ್ಟಲು ಎದ್ದು ಹೋಗಿದ್ದೆ.

ಡಾಕ್ಟರರು ಹೇಳಿದ್ದು ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ ಎಂಬ ವೈದ್ಯರು ಲೋಕಕ್ಕೆ ತಿಳಿಸಿದ ಉಪಾಯವಿದು. ಮೂಗಿಗೆ ಕಟ್ಟಿದ ಮುಖವಾಡದಿಂದ ಒಂದೇ ಸಮನೆ ಗಾಳಿ ಒತ್ತಿ, ಗಂಟಲಿನ ದಾರಿ ಮುಚ್ಚದಂತೆ ತಡೆಯುತ್ತದೆ. ಬೆಲೆ ನಲವತ್ತು ಸಾವಿರದ ಹತ್ತಿರ! ಮೊದಲು ಒಂದು ತಿಂಗಳು ಬಾಡಿಗೆಗೆ ತಂದೆವು. ನೀವೂ ಹಾಗೆಯೇ ಮಾಡಿ, ಒಗ್ಗಿದರೆ ಮಾತ್ರ ಕೊಳ್ಳಿ. ಮೊದಲ ವಾರ "ಆನಿ ಸೊಂಡಿ" ಎಂದು ಕಿತ್ತೆಸೆದರು. ಕರೆಂಟು ಹೋದ ರಾತ್ರಿಯ ಪೇಚಾಟ ಬೇರೆ. ಎರಡನೇ ವಾರದ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, "ಇವತ್ತ ತಲಿ ನೋವಿಲ್ಲ ನೋಡು" ಎಂದರು. ಆಮೇಲೆ ಜಗಳವಿಲ್ಲ. ಮೂರು ತಿಂಗಳಿಗೆ ಬಿ.ಪಿ. 138ಕ್ಕೆ ಬಂತು. ಎಲ್ಲರಿಗೂ ಇಷ್ಟು ಇಳಿಯುತ್ತದೆಂದು ತಿಳಿಯಬೇಡಿ, ಹಲವರಿಗೆ ಎರಡು-ಮೂರು ಅಂಕಿ ಮಾತ್ರ. ಡಾಕ್ಟರರು ಹೇಳದೆ ಮಾತ್ರೆ ಬಿಡಲೇಬಾರದು.

ಕಾಯಿಲೆ ಸಣ್ಣದಿದ್ದರೆ ಯಂತ್ರ ಬೇಕೆಂದೇನಿಲ್ಲ. ತೂಕ ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಹಲವರಿಗೆ ಸಹಾಯಕ. ಹಳೇ ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಮಕ್ಕಳ ಚೆಂಡು ಹಾಕಿಕೊಡಿ, ಅಂಗಾತಾದರೆ ಚುಚ್ಚುತ್ತದೆ. ಕುಡಿಯುವ ಅಭ್ಯಾಸವಿದ್ದರೆ ಬಿಡಿಸಿ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಕೊಡಬೇಡಿ, ಗಂಟಲು ಇನ್ನಷ್ಟು ಸಡಿಲಾದೀತು. ನಿಮ್ಮ ಹೊಲಿಗೆ ಟೇಪಿನಿಂದ ಕುತ್ತಿಗೆಯ ಸುತ್ತಳತೆಯನ್ನೂ ನೋಡಿ. ಗಂಡಸರಿಗೆ 17 ಇಂಚು, ಹೆಂಗಸರಿಗೆ 16 ಇಂಚು ಮೀರಿದ್ದರೆ ಅನುಮಾನ ಹೆಚ್ಚು. ಆದರೆ ತೆಳ್ಳಗಿದ್ದವರಿಗೂ ಇದು ಬರುತ್ತದೆ.

ಹೆಂಗಸರಿಗೆ ಎಂದೆನಲ್ಲ, ಹೌದು, ನಮಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ನಮ್ಮಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಡುರಾತ್ರಿ ಎಚ್ಚರ, ಸಿಡುಕು ಮುಂದಾಗಿ ಕಾಣುತ್ತವೆ. ಅದನ್ನು ಮನೆಗೆಲಸದ ದಣಿವು ಎಂದುಬಿಡುತ್ತೇವೆ. ನಮ್ಮ ಗೊರಕೆಯನ್ನು ಎದ್ದು ಕೂತು ಎಣಿಸುವವರಾರು? ಹೋದ ತಿಂಗಳು ಆರೋಗ್ಯ ಕೇಂದ್ರದಲ್ಲಿ ನನ್ನ ಬಿ.ಪಿ.ಯೂ 150 ಎಂದರು. ಮಗಳು ರಜೆಗೆ ಬಂದಿದ್ದಳು. "ಅವ್ವಾ, ಇವತ್ತ ನಾ ನಿನ್ನ ಹಂತೇಕ ಮಲಗ್ತೀನಿ" ಎಂದು ಮೊಬೈಲನ್ನು ದಿಂಬಿನ ಬಳಿ ಇಟ್ಟುಕೊಂಡಳು. ಬೆಳಿಗ್ಗೆ ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಬರುವ ಸೋಮವಾರ ಹುಬ್ಬಳ್ಳಿಗೆ ಹೋಗಬೇಕು, ಈ ಸಲ ನನ್ನ ಸಲುವಾಗಿ.