‘ವಿಶೇಷ ಏನಾದ್ರೂ ಇದೆಯಾ?’

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ನಮ್ಮ ಡೆಸ್ಕ್‌ನಲ್ಲಿ ಕೆಲಸ ಮಾಡೋ ಹುಡುಗಿ, ವಯಸ್ಸು ಇಪ್ಪತ್ತೇಳು, ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡ್ತಾ ಇದ್ದಳು. ಕಣ್ಣು ಕೆಂಪಾಗಿತ್ತು. ಏನಮ್ಮಾ ಅಂದೆ. ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ರಕ್ತಪರೀಕ್ಷೆಯ ರಿಪೋರ್ಟ್. ಒಂದು ಸಂಖ್ಯೆಯ ಪಕ್ಕ ‘ಕಡಿಮೆ’ ಅಂತ ಕೆಂಪಕ್ಷರದಲ್ಲಿ ಬರೆದಿತ್ತು. “ಸರ್, ನನಗೆ ಮುಂದೆ ಮಕ್ಕಳಾಗೋದು ಕಷ್ಟ ಅಂತೆ” ಅಂದಳು.

ಯಾರು ಹೇಳಿದ್ದು? ಯಾವ ಡಾಕ್ಟರೂ ಹೇಳಿಲ್ಲ. ಹಬ್ಬದ ಆಫರ್ ಅಂತ ಒಂದು ಆರೋಗ್ಯ ಪ್ಯಾಕೇಜ್ ಮಾಡಿಸಿದ್ದಳು. ರಿಪೋರ್ಟ್ ಬಂದ ಅರ್ಧ ಗಂಟೆಗೆ ಫೋನ್ ಬಂತು. ‘ಮೇಡಂ, ತಡ ಮಾಡಬೇಡಿ, ಅಂಡಾಣು ಫ್ರೀಜ್ ಮಾಡಿಸಿ, ಕಂತಿನಲ್ಲಿ ಕಟ್ಟಬಹುದು.’ ಆ ಹುಡುಗಿಗೆ ಇನ್ನೂ ಮದುವೆಯೇ ಆಗಿಲ್ಲ!

ನೋಡಿ, ನಮ್ಮಲ್ಲಿ ಮದುವೆಯಾಗಿ ಆರು ತಿಂಗಳಾದ್ರೆ ಸಾಕು, ‘ವಿಶೇಷ ಏನಾದ್ರೂ ಇದೆಯಾ?’ ಅಂತ ಕೇಳೋರು ಶುರುವಾಗ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಕೇಳ್ತಾರೆ, ಬಸ್ ಸ್ಟ್ಯಾಂಡ್‌ನಲ್ಲೂ ಕೇಳ್ತಾರೆ. ಈಗ ಮದುವೆಗೂ ಮುಂಚೆ ಅದೇ ಪ್ರಶ್ನೆಯನ್ನು ಮೊಬೈಲ್ ಕೇಳ್ತಾ ಇದೆ. ಹಾಗಾಗಿ ಇವತ್ತು ರಾಜಕೀಯ ಬೇಡ. ಯಾವುದಕ್ಕೆ ಹೆದರಬೇಕಾಗಿಲ್ಲ, ಯಾವುದನ್ನು ಕಂಡರೆ ಡಾಕ್ಟರ ಹತ್ತಿರ ಹೋಗಲೇಬೇಕು, ಇಷ್ಟನ್ನೇ ಮಾತಾಡೋಣ. ಅಪ್ಪ ಅಮ್ಮಂದಿರೂ ಚಾನೆಲ್ ಬದಲಾಯಿಸದೆ ಕೇಳಲಿ.

ಮೊದಲು ವಯಸ್ಸಿನ ವಿಚಾರ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಇಡೀ ಜೀವನದಲ್ಲಿ ಬಿಡುಗಡೆಯಾಗೋದು ಸುಮಾರು ನಾಲ್ಕುನೂರೈವತ್ತು ಮಾತ್ರ. ಅಂದರೆ ಖಾಲಿಯಾಗೋದು ಪ್ರಕೃತಿಯ ಲೆಕ್ಕ, ಯಾರ ತಪ್ಪೂ ಅಲ್ಲ. ಮೂವತ್ತು ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ನಿಧಾನವಾಗಿ ಇಳಿಯುತ್ತೆ, ಮೂವತ್ತೈದರ ನಂತರ ವೇಗವಾಗಿ ಇಳಿಯುತ್ತೆ. ಇದು ನಿಜ, ಮುಚ್ಚಿಡೋದು ಬೇಡ. ಆದರೆ ಮೂವತ್ತಕ್ಕೆ ಬಾಗಿಲು ಬೀಳುತ್ತೆ ಅನ್ನೋದು ಸುಳ್ಳು.

ಈಗ ಆ ಕೆಂಪಕ್ಷರಕ್ಕೆ ಬರೋಣ. ಆ ಪರೀಕ್ಷೆಯ ಹೆಸರು ಎಎಂಎಚ್. ಅಂಡಾಣುಗಳ ಸಂಗ್ರಹ ಎಷ್ಟು ಉಳಿದಿದೆ ಅನ್ನೋದರ ಅಂದಾಜು ಅದು. ಐವಿಎಫ್ ಮಾಡುವಾಗ, ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅಂತ ತಿಳಿಯೋಕೆ ಡಾಕ್ಟರಿಗೆ ಅದು ಬೇಕು. ಆದರೆ ಅಂಡಾಣು ಚೆನ್ನಾಗಿದೆಯಾ, ಸಹಜವಾಗಿ ಗರ್ಭ ನಿಲ್ಲುತ್ತಾ ಅಂತ ಅದು ಹೇಳಲ್ಲ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವರ್ಷದ ಸುಮಾರು 750 ಮಹಿಳೆಯರನ್ನು ಗಮನಿಸಿದ್ದರು. ಎಎಂಎಚ್ ಕಡಿಮೆ ಇದ್ದವರಿಗೂ ಸರಿಯಾಗಿದ್ದವರಿಗೂ ಗರ್ಭ ನಿಲ್ಲೋದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ವಿಷಯ, ಗರ್ಭನಿರೋಧಕ ಮಾತ್ರೆ ತಗೊಳ್ತಾ ಇದ್ದರೂ ಆ ಸಂಖ್ಯೆ ಕಡಿಮೆ ಕಾಣಬಹುದು. ಹೀಗಿರುವಾಗ ಒಂದೇ ಒಂದು ಸಂಖ್ಯೆ ನೋಡಿ ಇಪ್ಪತ್ತೇಳರ ಹುಡುಗಿ ಅಳಬೇಕಾ?

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖ ನನಗೆ ಗೊತ್ತಾಗಿದ್ದು ಒಂದು ಪತ್ರದಿಂದ. ಹಾವೇರಿ ಕಡೆಯ ಡಿಗ್ರಿ ಓದುವ ಹುಡುಗಿ ಬರೆದಿದ್ದಳು. ಪ್ರತಿ ತಿಂಗಳು ಎರಡು ಮೂರು ದಿನ ಹಾಸಿಗೆಯಿಂದ ಏಳೋಕಾಗಲ್ಲ, ನೋವಿಗೆ ವಾಂತಿ ಆಗುತ್ತೆ, ಒಂದು ಪರೀಕ್ಷೆಯನ್ನೂ ತಪ್ಪಿಸಿಕೊಂಡೆ ಅಂತ. ಅಮ್ಮನಿಗೆ ಹೇಳಿದ್ರೆ ‘ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ’ ಅಂತಾರಂತೆ. ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು: ‘ಸರ್, ಮದುವೆಯಾಗದವರು ಹೆರಿಗೆ ಡಾಕ್ಟರ ಹತ್ತಿರ ಹೋಗಬಹುದಾ?’

ಹೋಗಬಹುದು ಕಣಮ್ಮಾ. ಹೋಗಲೇಬೇಕು. ಅಂಥ ನೋವಿಗೆ ಎಂಡೊಮೆಟ್ರಿಯೋಸಿಸ್ ಅನ್ನೋ ಕಾಯಿಲೆ ಕಾರಣ ಇರಬಹುದು. ಪ್ರಪಂಚದಲ್ಲಿ ಹತ್ತು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ‘ಮುಟ್ಟಿನ ನೋವು ಎಲ್ಲರಿಗೂ ಇರುತ್ತೆ’ ಅಂತ ಹೇಳಿ ಹೇಳಿ ಅದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಹಾಗಾದ್ರೆ ಮದುವೆ ಆಗಿರಲಿ ಬಿಡಲಿ, ಯಾವಾಗ ಹೋಗಬೇಕು? ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ. 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರೋದೇ ರೂಢಿಯಾಗಿದ್ದರೆ. ಕಾಲೇಜು, ಕೆಲಸ ಬಿಟ್ಟು ಮಲಗುವಷ್ಟು ನೋವಿದ್ದರೆ. ಮುಖದ ಮೇಲೆ ಕೂದಲು, ಮೊಡವೆ, ಏರುತ್ತಿರೋ ತೂಕದ ಜೊತೆ ಮುಟ್ಟೂ ಏರುಪೇರಾಗಿದ್ದರೆ. ಅಂಡಾಶಯದ ಆಪರೇಷನ್ ಆಗಿದ್ದರೆ. ಹಿಂದೆ ಕ್ಷಯ ಬಂದಿದ್ದರೆ ಅದನ್ನೂ ಹೇಳಿ, ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗೋಕೆ ಕ್ಷಯವೂ ಒಂದು ಕಾರಣ. ಅಮ್ಮನಿಗೋ ಅಕ್ಕನಿಗೋ ನಲವತ್ತಕ್ಕೆ ಮುಂಚೆಯೇ ಮುಟ್ಟು ನಿಂತಿದ್ದರೆ. ಕ್ಯಾನ್ಸರ್ ಚಿಕಿತ್ಸೆ ಶುರುವಾಗೋದಿದ್ದರೆ ಅದಕ್ಕೂ ಮುಂಚೆ ಮಾತಾಡಿ, ಆಗ ಅಂಡಾಣು ತೆಗೆದಿಡೋದು ನಿಜವಾಗಿಯೂ ಕೆಲಸಕ್ಕೆ ಬರುತ್ತೆ.

ಮದುವೆಯಾಗಿ ಮಗು ಬೇಕು ಅಂತ ಪ್ರಯತ್ನಿಸ್ತಾ ಇರೋರಿಗೆ ಲೆಕ್ಕ ಬೇರೆ. ಹೆಂಡತಿಗೆ 35ರೊಳಗಿದ್ದರೆ ಒಂದು ವರ್ಷ ನೋಡಿ. 35 ದಾಟಿದ್ದರೆ ಆರೇ ತಿಂಗಳು. 40 ದಾಟಿದ್ದರೆ ಕಾಯಲೇಬೇಡಿ. ಮೇಲೆ ಹೇಳಿದ ತೊಂದರೆಗಳಲ್ಲಿ ಯಾವುದಾದರೂ ಇದ್ದರೂ ಅಷ್ಟೇ, ಮೊದಲೇ ಹೋಗಿ. ಹರಕೆ ಹೊರಿ, ಅಶ್ವತ್ಥಕಟ್ಟೆ ಸುತ್ತಿ, ನಂದೇನೂ ತಕರಾರಿಲ್ಲ. ಆದರೆ ಕ್ಯಾಲೆಂಡರ್ ಕಡೆಗೂ ಒಂದು ಕಣ್ಣಿರಲಿ.

ಕೆಲವು ಭಯಗಳನ್ನು ಇವತ್ತೇ ಬಿಟ್ಟುಬಿಡಿ. ಪಿಸಿಓಎಸ್ ಅಂದ ಕೂಡಲೇ ಮಕ್ಕಳಾಗಲ್ಲ ಅಂತಲ್ಲ. ತೂಕ ಶೇಕಡ 5ರಿಂದ 10ರಷ್ಟು ಇಳಿದರೇ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತೆ. ಅದೂ ಸಾಲದಿದ್ದರೆ ಅಂಡಾಣು ಬಿಡುಗಡೆಯಾಗೋಕೆ ಮಾತ್ರೆಗಳಿವೆ. ಗರ್ಭನಿರೋಧಕ ಮಾತ್ರೆ ತಗೊಂಡರೆ ಶಾಶ್ವತವಾಗಿ ಬಂಜೆತನ ಬರಲ್ಲ. ವೈದ್ಯರ ಹತ್ತಿರ ಸುರಕ್ಷಿತವಾಗಿ ಮಾಡಿಸಿಕೊಂಡ ಗರ್ಭಪಾತದಿಂದಲೂ ಸಾಮಾನ್ಯವಾಗಿ ಬರಲ್ಲ. ಅಪಾಯ ಇರೋದು ಕದ್ದುಮುಚ್ಚಿ, ಎಲ್ಲೆಲ್ಲೋ ಮಾಡಿಸಿಕೊಂಡು ಸೋಂಕು ತಗುಲಿಸಿಕೊಳ್ಳೋದರಲ್ಲಿ.

ಅಂಡಾಣು ಫ್ರೀಜ್ ಮಾಡಿಸೋದು ತಪ್ಪಾ? ತಪ್ಪಲ್ಲ. 35ಕ್ಕೆ ಮುಂಚೆ ಮಾಡಿಸಿದರೆ ಫಲ ಜಾಸ್ತಿ. ಆದರೆ ಅದು ಬ್ಯಾಂಕಿನ ಠೇವಣಿ ಅಲ್ಲ, ಮುಂದೆ ಮಗು ಆಗೇ ಆಗುತ್ತೆ ಅಂತ ಯಾರೂ ಬರೆದುಕೊಡಲ್ಲ. ಮಾಡಿಸೋದೇ ಆದರೆ, 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾದ ಕೇಂದ್ರವಾ ಅಂತ ಮೊದಲು ಕೇಳಿ.

ಇನ್ನು ಗಂಡಸರೇ, ನಿಮ್ಮ ಸರದಿ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಆಪರೇಷನ್ ಬೇಡ. ಆದರೂ ಹೆಂಡತಿಗೆ ಹತ್ತು ಟೆಸ್ಟ್ ಮಾಡಿಸಿ, ನಾನು ಮಾತ್ರ ಒಂದಕ್ಕೂ ಬರಲ್ಲ ಅನ್ನೋ ಗಂಡಸರಿದ್ದಾರೆ. ಜಿಮ್‌ನಲ್ಲಿ ಮೈಕಟ್ಟಿಗೆ ಅಂತ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳೋ ಹುಡುಗರಿಗೂ ಒಂದು ಮಾತು. ಅದು ವೀರ್ಯಾಣು ತಯಾರಾಗೋದನ್ನೇ ನಿಲ್ಲಿಸಿಬಿಡಬಹುದು.

ಕೊನೆಗೆ ನನ್ನ ಕಡೆಯಿಂದ ಒಂದು ಒಪ್ಪಿಗೆ. ಈ ಮಾತು ಆಡಿದ ದಿನವೂ ನನ್ನ ಕಾರ್ಯಕ್ರಮದ ಬ್ರೇಕ್‌ನಲ್ಲಿ ತೊಟ್ಟಿಲು ತೋರಿಸೋ ಜಾಹೀರಾತು ಬಂತು. ಅದನ್ನು ತಡೆಯೋ ಅಧಿಕಾರ ನನಗಿಲ್ಲ. ಬ್ರೇಕ್ ಮುಗಿದ ಮೇಲೆ ಇಷ್ಟು ಹೇಳೋ ಅವಕಾಶ ಮಾತ್ರ ಇದೆ: ಮೊದಲ ಬಾಗಿಲು ಜಾಹೀರಾತಿನದ್ದಾಗೋದು ಬೇಡ. ನಿಮ್ಮ ತಾಲ್ಲೂಕು ಆಸ್ಪತ್ರೆಯದೋ ನಿಮ್ಮೂರಿನದೋ ಒಬ್ಬ ಸ್ತ್ರೀರೋಗ ತಜ್ಞರನ್ನು ಮೊದಲು ನೋಡಿ.

ನಮ್ಮ ಡೆಸ್ಕ್ ಹುಡುಗಿ ಹಾಗೇ ಮಾಡಿದಳು. ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ‘ಮುಟ್ಟು ಸರಿಯಾಗಿ ಬರುತ್ತಾ? ನೋವಿದೆಯಾ? ಅಮ್ಮನಿಗೆ ಎಷ್ಟನೇ ವಯಸ್ಸಿಗೆ ನಿಂತಿತು?’ ಅಂತ. ಹತ್ತು ನಿಮಿಷದ ಮಾತು. ಮಾರನೇ ದಿನ ಬಂದು ಎಂದಿನಂತೆ ನನ್ನ ಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕ್ತಾ ಕೂತಿದ್ದಳು.

ಹಾವೇರಿಯ ಹುಡುಗಿಯಿಂದ ಮತ್ತೆ ಪತ್ರ ಬಂದಿಲ್ಲ. ಅವಳ ಅಮ್ಮ ಇದನ್ನು ಓದ್ತಾ ಇದ್ದರೆ, ಅಮ್ಮಾ, ಮದುವೆವರೆಗೂ ಕಾಯಬೇಡಿ. ಈ ವಾರವೇ ಮಗಳನ್ನು ಕರ್ಕೊಂಡು ಹೋಗಿ.