144 ಮಾತ್ರೆಯೊಳಗಿನ ಮಹಾಸಂಖ್ಯೆ

ಕಡೂರು ತಾಲ್ಲೂಕಿನ ದೇವನೂರು ಎಂದರೆ ಲಕ್ಷ್ಮೀಶ ಕವಿಯ ಊರು. ಅವನ ‘ಜೈಮಿನಿ ಭಾರತ’ವನ್ನು ಗಮಕಿಗಳ ಬಾಯಲ್ಲಿ ಕೇಳಿದವರು ಅದರ ನಾದಕ್ಕೆ ಮಾರುಹೋಗುತ್ತಾರೆ. ಆ ನಾದವನ್ನು ಹಿಡಿದು ನಿಲ್ಲಿಸಿರುವುದು ಬಿಗಿಯಾದ ಲೆಕ್ಕ.

ಕಾವ್ಯ ಇರುವುದು ವಾರ್ಧಕ ಷಟ್ಪದಿಯಲ್ಲಿ. 1, 2, 4, 5ನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ನಾಲ್ಕು ಗಣ. 3 ಮತ್ತು 6ನೆಯ ಸಾಲುಗಳಲ್ಲಿ ಆರಾರು ಗಣ, ಕೊನೆಗೊಂದು ಗುರು. ಒಟ್ಟು 28 ಗಣ, 144 ಮಾತ್ರೆ.

ಶಾಲೆಯಲ್ಲಿ ಎಲ್ಲರೂ ಪ್ರಸ್ತಾರ ಹಾಕಿದವರೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಐದು ಮಾತ್ರೆಯನ್ನು ಇವುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಕೊನೆಯಲ್ಲಿ ಲಘು ಇದ್ದರೆ ಹಿಂದಿನ ನಾಲ್ಕು ಮಾತ್ರೆಗೆ 5 ಬಗೆ, ಗುರು ಇದ್ದರೆ ಹಿಂದಿನ ಮೂರಕ್ಕೆ 3 ಬಗೆ, ಒಟ್ಟು 8. ಹೀಗೆ ಹಿಂದಿನೆರಡನ್ನು ಕೂಡುತ್ತಾ ಹೋದರೆ 1, 2, 3, 5, 8, 13 ಎಂಬ ಸರಣಿ. ಜಗತ್ತು ಇದನ್ನು ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರರು ಛಂದಸ್ಸಿನ ದಾರಿಯಲ್ಲೇ ಇದನ್ನು ಕಂಡಿದ್ದರು. ಈ ಮಾತನ್ನು ನಮ್ಮ ಗಣಿತದ ಪಾಠಗಳು ಇನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ 144 ಕೂಡ ಅದೇ ಸರಣಿಯಲ್ಲಿದೆ. 0 ಮತ್ತು 1ನ್ನು ಬಿಟ್ಟರೆ ಅಲ್ಲಿ ಸಿಗುವ ಪೂರ್ಣ ವರ್ಗ ಇದೊಂದೇ ಎಂದು 1964ರಲ್ಲಿ ಕೋನ್ ಎಂಬ ಗಣಿತಜ್ಞ ಸಾಧಿಸಿದರು.

ಗಣಕ್ಕೆ 8 ಬಗೆಯಾದರೆ 28 ಗಣಕ್ಕೆ 8ರ 28ನೆಯ ಘಾತ:

1,93,42,81,31,13,83,40,66,79,52,98,816

ಈ 26 ಅಂಕಿಯ ಸಂಖ್ಯೆ 2ರ 84ನೆಯ ಘಾತವೂ ಹೌದು. ಹಾಗಾಗಿ ವರ್ಗವೂ ಹೌದು, ಘನವೂ ಹೌದು. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿದರೆ ಮೂಲಸಂಖ್ಯೆಗಿಂತ ಒಂದೇ ಒಂದು ಕಡಿಮೆ. ಪರಿಪೂರ್ಣ ಸಂಖ್ಯೆಯಾಗಲು ಒಂದರ ಕೊರತೆ!

ಆದರೆ ಕವಿಗೆ ಇಷ್ಟು ಸಡಿಲವಿಲ್ಲ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೆ ಗುರು ಬರಬಾರದು. ಎಂಟರಲ್ಲಿ ಎರಡು ಬಗೆ ಹೋಗಿ ಆರು ಉಳಿಯುತ್ತವೆ. ಸಾಲುಗಳ ಎರಡನೆಯ ಅಕ್ಷರ ಹೊಂದಬೇಕೆಂಬ ಆದಿಪ್ರಾಸವಂತೂ ಇನ್ನೂ ಕಠಿಣ: ಆರೂ ಸಾಲುಗಳು ಗುರುವಿನಿಂದಲೇ ಶುರುವಾಗಬೇಕು, ಇಲ್ಲವೇ ಆರೂ ಲಘುವಿನಿಂದಲೇ. ಗುರು ಮೊದಲಾದ ಬಗೆ 3, ಲಘು ಮೊದಲಾದದ್ದೂ 3. ಆದ್ದರಿಂದ ಈ ಒಂದು ನಿಯಮಕ್ಕೆ 32ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕೊನೆಗೆ ನಿಲ್ಲುವ ಮೊತ್ತ:

19,19,04,44,42,02,02,54,84,288

ಸೆಕೆಂಡಿಗೊಂದರಂತೆ ಈ ವಿನ್ಯಾಸಗಳನ್ನು ಬರೆದು ಮುಗಿಸಲು ಸುಮಾರು 6 ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ನಿಯಮಗಳು ಸಂಖ್ಯೆಯನ್ನು ಕುಗ್ಗಿಸಿದ್ದಷ್ಟೇ ಅಲ್ಲ, ಅದರ ಜಾತಿಯನ್ನೇ ಬದಲಿಸಿವೆ. ಇದು 2ರ 23ನೆಯ ಘಾತ ಮತ್ತು 3ರ 28ನೆಯ ಘಾತಗಳ ಗುಣಲಬ್ಧ. 23 ಬೆಸವಾದ್ದರಿಂದ ವರ್ಗವಲ್ಲ. 23 ಆಗಲಿ 28 ಆಗಲಿ ಮೂರರಿಂದ ಭಾಗವಾಗದ್ದರಿಂದ ಘನವೂ ಅಲ್ಲ. ಅಪವರ್ತನಗಳು ಮಾತ್ರ 85ರಿಂದ 696ಕ್ಕೆ ಏರಿವೆ. ಸಂಖ್ಯೆಯನ್ನೇ ಬಿಟ್ಟು ಉಳಿದವನ್ನು ಕೂಡಿದರೆ ಅದರ ಹೆಚ್ಚುಕಡಿಮೆ ಎರಡು ಪಟ್ಟು ಬರುತ್ತದೆ. ಒಂದರ ಕೊರತೆಯಲ್ಲಿದ್ದ ಲೆಕ್ಕ ಕವಿಯ ಕಟ್ಟುಪಾಡಿಗೆ ಸಿಕ್ಕು ಸಮೃದ್ಧ ಸಂಖ್ಯೆಗಳ ಗುಂಪಿಗೆ ಸೇರಿದೆ.