ಹೊಸ ಸೀಲ್ ಹಾಕಿದರೂ ನಿಲ್ಲದ ಸೋರಿಕೆ

ಪ್ರಶ್ನೆ: ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಆಕ್ಸಲಿಗೆ ಹೊಸ ಆಯಿಲ್ ಸೀಲ್ ಹಾಕಿಸಿದರೂ ಎಣ್ಣೆ ಸೋರುವುದೇಕೆ?

ಉತ್ತರ: ಅನೇಕ ಸಲ ಇದಕ್ಕೆ ಕಾರಣ ಸೀಲ್ ಅಲ್ಲ, ಆಕ್ಸಲ್ ಹೌಸಿಂಗಿನ ಮೇಲಿರುವ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗಲೆಂದು ಇಟ್ಟಿರುವ ಪುಟ್ಟ ಕಿಂಡಿ. ವಾಹನ ಓಡುವಾಗ ಹಲ್ಲುಗಾಲಿಗಳ ಉಜ್ಜಾಟದಿಂದ ಗೇರ್ ಆಯಿಲ್ ಬಿಸಿಯಾಗಿ ಒಳಗಾಳಿ ಹಿಗ್ಗುತ್ತದೆ. ಮಲೆನಾಡಿನ ತೋಟದ ಹಾದಿಯ ಕೆಸರು ಒಣಗಿ ಆ ಕಿಂಡಿಯನ್ನು ಮುಚ್ಚಿದ್ದರೆ, ಸೀಟಿಯ ರಂಧ್ರ ಕಟ್ಟಿದ ಕುಕ್ಕರಿನ ಆವಿ ಗ್ಯಾಸ್ಕೆಟ್ಟಿನ ಅಂಚಿನಿಂದ ನುಗ್ಗುವಂತೆ, ಒತ್ತಡವು ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರದಬ್ಬುತ್ತದೆ, ಅದು ಬ್ರೇಕ್ ಡ್ರಮ್ಮಿಗೆ ಇಳಿದರಂತೂ ನಿಜಕ್ಕೂ ಅಪಾಯ. ಬಿಸಿಯಾದ ಆಕ್ಸಲ್ ಹಳ್ಳದ ನೀರಿಗಿಳಿದಾಗ ಒಳಗಾಳಿ ಕುಗ್ಗಿ ಅದೇ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುವುದರಿಂದ, ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸಲೇಬೇಕು. ಸೀಲ್ ಬಿಚ್ಚುವ ಮೊದಲು ಬ್ರೀದರನ್ನು ಕಳಚಿ, ಡೀಸೆಲಿನಲ್ಲಿ ತೊಳೆದು, ಗಾಳಿ ಹಾಯಿಸಿ ನೋಡುವುದು ಮೇಲು.